ಆಫೀಸಿನ ನೆಟ್‌ವರ್ಕ್ ಕೇಬಲ್ ಬದಲಿಸಬೇಕೆ? ಗೋಡೆ ಕೊರೆಸುವ ಮೊದಲು ನೋಡಬೇಕಾದದ್ದು

ತಿಂಗಳ 18, 19ನೇ ತಾರೀಕು ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. 20ಕ್ಕೆ ಜಿಎಸ್‌ಟಿಆರ್ 3ಬಿ ಎಂಬ ತೆರಿಗೆ ರಿಟರ್ನ್ ಸಲ್ಲಿಸಬೇಕು. ಆಡಿಟರ್ ಆಫೀಸುಗಳಲ್ಲಿ ಎಲ್ಲ ಸೀಟೂ ಭರ್ತಿ, ಎಲ್ಲರೂ ಒಟ್ಟಿಗೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆರೆದು ಕೂತಿರುತ್ತಾರೆ. ಆಗ ಬರುವ ಮಾತು ಹೆಚ್ಚುಕಡಿಮೆ ಒಂದೇ: “ಸಾರ್, ಟ್ಯಾಲಿ ಸುತ್ತುತ್ತಾನೇ ಇದೆ. ಕೇಬಲ್ ಎಲ್ಲಾ ಹಳೇದಾಗೋಯ್ತು ಅನ್ಸುತ್ತೆ. ಹೊಸದು ಎಳೆಸಿಬಿಡೋಣ್ವಾ?”

ಕೆಲವು ವರ್ಷದ ಹಿಂದೆ ನಾನೂ “ಎಳೆಸಿಬಿಡೋಣ” ಎಂದವನೇ. ಮೈಸೂರಿನ ಲಕ್ಷ್ಮೀಪುರಂನ ಒಂದು ಹಳೇ ಮನೆ, ಈಗ ಆಡಿಟರ್ ಆಫೀಸು. ಒಂಬತ್ತು ಪಾಯಿಂಟ್, ಅಂದರೆ ಗೋಡೆಯಲ್ಲಿ ಕೇಬಲ್ ಸಿಕ್ಕಿಸುವ ಒಂಬತ್ತು ಜಾಗ. ದಪ್ಪ ಗೋಡೆ, ಡ್ರಿಲ್ ಇಟ್ಟಲ್ಲೆಲ್ಲ ಕೆಂಪು ಮಣ್ಣು ಹಿಡಿ ಹಿಡಿಯಾಗಿ ಉದುರುತ್ತಿತ್ತು. ಎರಡು ಭಾನುವಾರ ಕೂತು ಹೊಸ ಕ್ಯಾಟ್ 6 ದರ್ಜೆಯ ಕೇಬಲ್ ಎಳೆದು, ಬಿಳಿ ಕೇಸಿಂಗ್ ಪಟ್ಟಿ ಹೊಡೆದು, ಗಾರೆ ಮೆತ್ತಿಸಿ ಬಂದೆ. ಸೋಮವಾರ ಹತ್ತೂವರೆಗೆ ಟ್ಯಾಲಿ ಮತ್ತೆ ಸುತ್ತತೊಡಗಿತು. ಡೇಟಾ ಇದ್ದ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಡಿಸ್ಕ್ 100 ಶೇಕಡಾದಲ್ಲಿ ಅಂಟಿಕೊಂಡಿದೆ. ಹಳೇ ಹಾರ್ಡ್‌ಡಿಸ್ಕ್. ಅದನ್ನು ತೆಗೆದು, ಅದಕ್ಕಿಂತ ವೇಗದ ಡಿಸ್ಕಾದ ಎಸ್‌ಎಸ್‌ಡಿ ಹಾಕಿದ್ದು ಒಂದು ಮಧ್ಯಾಹ್ನದ ಕೆಲಸ, ಅಲ್ಲಿಗೆ ದೂರು ಮುಗಿಯಿತು. ಆಡಿಟರು ಬೈಯಲಿಲ್ಲ. ಬಿಲ್ ಕೊಡುವಾಗ “ಗೋಡೆ ಮಾತ್ರ ಚೆನ್ನಾಗಿ ಕಾಣ್ತಾ ಇದೆ ಕಣ್ರೀ” ಎಂದರು ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಅಂದಿನಿಂದ ಯಾರು ಕೇಳಿದರೂ ಮೊದಲು ಅಳೆದು, ಆಮೇಲೆ ಉತ್ತರ ಹೇಳುತ್ತೇನೆ. ಐದರಿಂದ ಇಪ್ಪತ್ತು ಸೀಟಿನ ಆಫೀಸಿಗೆ ಈ ಅಳತೆ ಅರ್ಧ ದಿನದ ಕೆಲಸ. ಹೆಚ್ಚಿನದನ್ನು ನೀವೇ ಮಾಡಬಹುದು. ನಾನು ನೋಡಿದ ಮಟ್ಟಿಗೆ ಗೋಡೆಯೊಳಗಿನ ಕೇಬಲ್ಲು ತಪ್ಪಿತಸ್ಥನಾಗಿರುವುದು ಕಡಿಮೆ, ಅದರ ಎರಡು ತುದಿಗಳೇ ಹೆಚ್ಚು.

ಮೊದಲು ಒಂದು ಹಾಳೆ, ಒಂದು ವಾರ

ಯಾರಿಗೆ, ಯಾವ ಕೆಲಸ, ಎಷ್ಟು ಹೊತ್ತಿಗೆ ನಿಧಾನವಾಗುತ್ತಿದೆ ಎಂದು ಒಂದು ವಾರ ಬರೆದಿಡಿ. “ನೆಟ್ ಸ್ಲೋ” ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ದೂರುಗಳು ಸೇರಿಕೊಂಡಿರುತ್ತವೆ. ಜಿಎಸ್‌ಟಿ ಪೋರ್ಟಲ್ ತೆರೆಯದಿರುವುದು ಇಂಟರ್‌ನೆಟ್ಟಿನದೋ ಪೋರ್ಟಲ್ಲಿನದೋ ಪ್ರಶ್ನೆ. ಪಕ್ಕದ ಕೋಣೆಯ ಕಂಪ್ಯೂಟರಿನಿಂದ ಫೈಲ್ ಬರಲು ಹೊತ್ತು ಹಿಡಿಯುವುದು ಆಫೀಸಿನೊಳಗಿನ ಪ್ರಶ್ನೆ. ಒಂದೇ ಸೀಟಿನಲ್ಲಿ ಎಲ್ಲವೂ ನಿಧಾನವಾದರೆ ಆ ಕಂಪ್ಯೂಟರ್ ಅಥವಾ ಆ ಸೀಟಿನ ಪಾಯಿಂಟ್. ಎಲ್ಲರಿಗೂ ಒಮ್ಮೆಗೇ ನಿಧಾನವಾದರೆ ಸರ್ವರ್ (ಡೇಟಾ ಇಟ್ಟಿರುವ ಕಂಪ್ಯೂಟರ್), ಸ್ವಿಚ್ (ಎಲ್ಲ ಕೇಬಲ್ಲೂ ಬಂದು ಸೇರುವ ಡಬ್ಬಿ) ಅಥವಾ ಇಂಟರ್‌ನೆಟ್ ಲೈನು. ಒಂಬತ್ತು ಕೇಬಲ್ಲೂ ಒಂದೇ ದಿನ ಮಾತಾಡಿಕೊಂಡು ಕೆಡುವುದಿಲ್ಲ.

ಇಂಟರ್‌ನೆಟ್ ವಿಷಯದಲ್ಲಿ ಒಂದು ಲೆಕ್ಕ ನೆನಪಿರಲಿ. ನಿಮ್ಮ ಪ್ಲಾನ್ 100 ಎಂಬಿಪಿಎಸ್ ಆಗಿದ್ದರೆ ಗೋಡೆಯಲ್ಲಿ ಎಂಥ ದುಬಾರಿ ಕೇಬಲ್ ಎಳೆಸಿದರೂ ಹೊರಗಿನಿಂದ ಬರುವುದು ಅಷ್ಟೇ. 300ರ ಪ್ಲಾನ್ ತೆಗೆದುಕೊಂಡೂ 95ರ ಹತ್ತಿರವೇ ನಿಂತರೆ ಆಗ ಅನುಮಾನ ಪಡಬೇಕು. ನಡುವೆ ಎಲ್ಲೋ ಒಂದು 100 ಎಂಬಿಪಿಎಸ್‌ನ ಕೊಂಡಿ ಕೂತಿದೆ. ಅದು ರೂಟರಿನ ಪೋರ್ಟ್ ಇರಬಹುದು, ಹಳೇ ಸ್ವಿಚ್ ಇರಬಹುದು, ಕೇಬಲ್ಲೂ ಇರಬಹುದು.

ಪ್ರತಿ ಸೀಟಿನ ಲಿಂಕ್ ಸ್ಪೀಡ್ ನೋಡಿ

ವಿಂಡೋಸ್ 10 ಅಥವಾ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅದರೊಳಗೆ ಈಥರ್‌ನೆಟ್. ಅಲ್ಲಿ ಲಿಂಕ್ ಸ್ಪೀಡ್ (ಕಂಪ್ಯೂಟರಿಗೂ ಸ್ವಿಚ್ಚಿಗೂ ನಡುವಿನ ವೇಗ) ಎಂಬ ಸಾಲಿನಲ್ಲಿ 1000/1000 ಇದ್ದರೆ ಗಿಗಾಬಿಟ್, 100/100 ಇದ್ದರೆ ಹತ್ತನೇ ಒಂದು ಪಾಲು. ಎಲ್ಲ ಸೀಟಿನದೂ ಹಾಳೆಯಲ್ಲಿ ಬರೆದುಕೊಳ್ಳಿ. ಈ ಒಂದು ಕಾಲಂ ಅರ್ಧ ತೀರ್ಮಾನ ಕೊಟ್ಟುಬಿಡುತ್ತದೆ.

ಎಲ್ಲ ಸೀಟಿನಲ್ಲೂ 100 ಬಂದರೆ ಮೊದಲು ಸ್ವಿಚ್ಚಿನ ಮೈಮೇಲೆ ಬರೆದದ್ದು ಓದಿ. 10/100 ಎಂದಷ್ಟೇ ಇದ್ದರೆ ಅದು ಫಾಸ್ಟ್ ಈಥರ್‌ನೆಟ್ ಸ್ವಿಚ್, ಕೇಬಲ್ಲನ್ನು ಮುಟ್ಟಬೇಡಿ. 10/100/1000 ಎಂದಿರುವ ಸ್ವಿಚ್ ತಂದು ಅದೇ ಜಾಗದಲ್ಲಿಟ್ಟು ಮತ್ತೆ ನೋಡಿ. ಗಿಗಾಬಿಟ್ ಈಥರ್‌ನೆಟ್ಟಿನ ತಾಮ್ರದ ಮಾನದಂಡ ಬಂದದ್ದು 1999ರಲ್ಲಿ, ಆದರೂ 100ರ ಸ್ವಿಚ್ಚುಗಳು ಇನ್ನೂ ಎಷ್ಟೋ ಆಫೀಸುಗಳ ಮೇಜಿನ ಕೆಳಗೆ ಧೂಳು ತಿನ್ನುತ್ತ ಬದುಕಿವೆ. ಐಪಿ ಫೋನಿನ ಹಿಂದಿನಿಂದ ಕಂಪ್ಯೂಟರಿಗೆ ಕೇಬಲ್ ಹಾಯಿಸಿದ್ದರೆ ಆ ಫೋನಿನ ಪೋರ್ಟೂ 100ರದ್ದಿರಬಹುದು.

ಒಂದೆರಡು ಸೀಟಿನಲ್ಲಿ ಮಾತ್ರ 100 ಇದ್ದರೆ ಆ ಕಂಪ್ಯೂಟರಿನ ಅಡಾಪ್ಟರ್ ಸೆಟ್ಟಿಂಗಿನಲ್ಲಿ ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್ ಎನ್ನುವುದು ವೇಗವನ್ನು ತಾನೇ ಆರಿಸಿಕೊಳ್ಳುವ ಆಟೋ ನೆಗೋಷಿಯೇಷನ್‌ನಲ್ಲೇ ಇದೆಯೇ ನೋಡಿ. ಯಾವತ್ತೋ ಯಾರೋ ಪ್ರಯೋಗಕ್ಕೆಂದು 100 ಫುಲ್ ಎಂದು ಕಟ್ಟಿಹಾಕಿ ಮರೆತಿರುತ್ತಾರೆ.

ಒಂದು ದಪ್ಪ ಫೈಲ್ ಕಾಪಿ ಮಾಡಿ

ಎರಡು ಜಿಬಿ ಗಾತ್ರದ ಒಂದೇ ಫೈಲ್ ತೆಗೆದುಕೊಂಡು ಸರ್ವರಿನಿಂದ ಸೀಟಿಗೆ ಕಾಪಿ ಮಾಡಿ. ಲಿಂಕಿನ ಲೆಕ್ಕ ಬಿಟ್‌ನಲ್ಲಿ, ಫೈಲಿನದು ಬೈಟ್‌ನಲ್ಲಿ, ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 100ರ ಲಿಂಕಿನಲ್ಲಿ ಸೆಕೆಂಡಿಗೆ 11 ಎಂಬಿ ಆಸುಪಾಸು, ಅಂದರೆ ಮೂರು ನಿಮಿಷ. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110ರ ಹತ್ತಿರ, ಇಪ್ಪತ್ತು ಸೆಕೆಂಡಿನೊಳಗೆ ಮುಗಿಯಬೇಕು. ಸಣ್ಣ ಸಣ್ಣ ಸಾವಿರ ಫೈಲ್ ಇಟ್ಟುಕೊಂಡು ಈ ಪರೀಕ್ಷೆ ಮಾಡಬೇಡಿ, ಅದು ಡಿಸ್ಕನ್ನು ಅಳೆಯುತ್ತದೆಯೇ ಹೊರತು ಕೇಬಲ್ಲನ್ನಲ್ಲ.

ಲಿಂಕ್ 1000 ತೋರಿಸಿಯೂ ಕಾಪಿ ಸೆಕೆಂಡಿಗೆ 30, 40ರಲ್ಲಿ ತೆವಳುತ್ತಿದ್ದರೆ ನಾನು ಲಕ್ಷ್ಮೀಪುರಂನಲ್ಲಿ ಮಾಡದೆ ಬಿಟ್ಟ ಕೆಲಸ ಮಾಡಿ. ಸರ್ವರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಡಿಸ್ಕ್ ಸಾಲು ನೋಡುತ್ತಿರಿ. ಡಿಸ್ಕನ್ನು ಲೆಕ್ಕದಿಂದ ಹೊರಗಿಡಬೇಕೆಂದರೆ ಐಪರ್ಫ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಎರಡೂ ತುದಿಯ ಕಂಪ್ಯೂಟರಿನಲ್ಲಿ ಓಡಿಸಿದರೆ ನಡುವಿನ ದಾರಿಯನ್ನು ಮಾತ್ರ ಅಳೆಯುತ್ತದೆ. ಒಳ್ಳೆಯ ಗಿಗಾಬಿಟ್ ಲಿಂಕಿನಲ್ಲಿ 940 ಎಂಬಿಪಿಎಸ್ ಆಸುಪಾಸು ಬರಬೇಕು. ಐಪರ್ಫ್ 940 ಹೇಳುತ್ತಿದೆ, ಟ್ಯಾಲಿ ಮಾತ್ರ ಸುತ್ತುತ್ತಿದೆ ಎಂದಾದರೆ ಕೇಬಲ್ಲಿಗೆ ಕ್ಲೀನ್ ಚಿಟ್ ಕೊಟ್ಟು ಎಸ್‌ಎಸ್‌ಡಿಗೆ ದುಡ್ಡು ತೆಗೆದಿಡಿ.

ಈಗ ತುದಿಗಳು

ಇಲ್ಲಿ ಆತುರ ಬೇಡ. ಕಾಸು ಉಳಿಯುವುದು ಇಲ್ಲೇ.

100 ತೋರಿಸುವ ಸೀಟಿನ ಪ್ಯಾಚ್ ಕಾರ್ಡನ್ನು, ಅಂದರೆ ಗೋಡೆಯ ಬಾಕ್ಸಿನಿಂದ ಕಂಪ್ಯೂಟರಿಗೆ ಬರುವ ಗೇಣುದ್ದದ ತುಂಡನ್ನು, ಚೆನ್ನಾಗಿರುವ ಸೀಟಿನದರ ಜೊತೆ ಅದಲು ಬದಲು ಮಾಡಿ. ತೊಂದರೆಯೂ ಜೊತೆಗೆ ಎದ್ದು ಹೋಯಿತೆಂದರೆ ಕಾರ್ಡ್ ಬಿಸಾಕಿ, ಅಲ್ಲಿಗೆ ಕಥೆ ಮುಗಿಯಿತು. ಕುರ್ಚಿಯ ಚಕ್ರ ಹತ್ತಿ ಹತ್ತಿ ಚಪ್ಪಟೆಯಾದ ಕಾರ್ಡುಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಆಯುಧಪೂಜೆ ಮುಗಿದ ವಾರ ನನಗೆ ಇನ್ನೊಂದು ಸುಗ್ಗಿ. ಪೂಜೆಗೆಂದು ಮೇಜು ಸರಿಸಿ, ಧೂಳು ಹೊಡೆದು, ಸಿಪಿಯುಗೆ ಕುಂಕುಮ ಹಚ್ಚಿ, ಸ್ವಿಚ್ ಇಟ್ಟ ರ್‍ಯಾಕಿಗೆ ಬಾಳೆಕಂದು ಕಟ್ಟುವ ಗಡಿಬಿಡಿಯಲ್ಲಿ ಪ್ಲಗ್ಗಿನ ಕ್ಲಿಪ್ ಮುರಿದಿರುತ್ತದೆ. ಪ್ಲಗ್ ಒಳಗೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ.

ಕಾರ್ಡ್ ಬದಲಿಸಿದರೂ 100 ಬಿಡಲಿಲ್ಲವೆಂದರೆ ಗೋಡೆಯ ಫೇಸ್‌ಪ್ಲೇಟ್ ಬಿಚ್ಚಿ. ಒಳಗೆ ನಾಲ್ಕು ಜೋಡಿ, ಎಂಟು ತಂತಿ: ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿಯೊಂದಕ್ಕೂ ಒಂದು ಬಿಳಿ ಸಂಗಾತಿ. 100ರ ಲಿಂಕಿಗೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೀಲಿಯಲ್ಲೋ ಕಂದಿನಲ್ಲೋ ಒಂದೇ ಒಂದು ತಂತಿ ತುಂಡಾದರೂ ಲಿಂಕ್ ಪೂರ್ತಿ ಬೀಳುವುದಿಲ್ಲ, ಕಂಪ್ಯೂಟರಿನೊಳಗಿನ ಹೆಚ್ಚಿನ ನೆಟ್‌ವರ್ಕ್ ಕಾರ್ಡುಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೂರುತ್ತವೆ. ಕೆಲಸ ನಡೆಯುತ್ತಲೇ ಇರುವುದರಿಂದ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ತಪ್ಪನ್ನು ಹತ್ತಿರದಿಂದ ನೋಡಿಬಿಡೋಣ. ಆರ್‌ಜೆ45 ಪ್ಲಗ್ಗನ್ನು ಕ್ಲಿಪ್ ಹಿಂದೆ ಬರುವಂತೆ ಹಿಡಿದು, ಎಡದಿಂದ ಬಣ್ಣಗಳನ್ನು ಓದಿ. ‘ಬಿ’ ಎಂದು ಕರೆಯುವ ಪ್ರಮಾಣಿತ ಬಣ್ಣದ ಕ್ರಮದಲ್ಲಿ ಅದು ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯನ್ನು ನಡುವೆ ಕೂರಿಸಿಕೊಂಡು ಆಚೆ ಈಚೆ ನಿಂತಿದೆ, ಗಮನಿಸಿ. ಮೂರು ಮತ್ತು ಆರನೇ ಪಿನ್ ಸೇರಿ ಒಂದು ಜೋಡಿ. ಕೆಲಸ ಕಲಿಯುತ್ತಿರುವ ಹುಡುಗ ಇದನ್ನು ತಿಳಿಯದೆ ಚೆಂದಕ್ಕೆ ಕಿತ್ತಳೆ ಪಕ್ಕ ಕಿತ್ತಳೆ, ಹಸಿರು ಪಕ್ಕ ಹಸಿರು, ನೀಲಿ ಪಕ್ಕ ನೀಲಿ ಎಂದು ಸಾಲಾಗಿ ಕೂರಿಸುತ್ತಾನೆ. ಎರಡೂ ತುದಿಯಲ್ಲಿ ಹಾಗೇ ಮಾಡಿರುವುದರಿಂದ ಒಂದರಿಂದ ಎಂಟರವರೆಗೆ ಮಿನುಗುವ ಅಗ್ಗದ ಲೈಟ್ ಟೆಸ್ಟರಿನಲ್ಲಿ ಎಂಟೂ ದೀಪ ಸರಿಯಾಗೇ ಹತ್ತುತ್ತವೆ. ಆದರೆ ಮೂರನೇ ಪಿನ್ನಿನಲ್ಲಿ ಹಸಿರು ಜೋಡಿಯ ತಂತಿ, ಆರನೇ ಪಿನ್ನಿನಲ್ಲಿ ನೀಲಿ ಜೋಡಿಯದು. ಸದ್ದು ಸೋರದಿರಲೆಂದು ಎರಡು ತಂತಿಯನ್ನು ಜೋಡಿಯಾಗಿ ಹೊಸೆದಿಟ್ಟ ಉಪಾಯವೇ ಅಲ್ಲಿ ಕೆಟ್ಟುಹೋಯಿತು. ಒಂದು ಜೋಡಿಯ ಸದ್ದು ಇನ್ನೊಂದಕ್ಕೆ ಸೋರುತ್ತದೆ. ಮೋಟು ಕೇಬಲ್ಲಾದರೆ ಹೇಗೋ ನಡೆದುಹೋಗುತ್ತದೆ, ಇಪ್ಪತ್ತು ಮೂವತ್ತು ಮೀಟರ್ ದಾಟಿದರೆ ಲಿಂಕ್ ಎದ್ದು ಬಿದ್ದು ಮಾಡುತ್ತದೆ. ಸರಸ್ವತೀಪುರಂನ ಒಂದು ಕ್ಲಿನಿಕ್ಕಿನಲ್ಲಿ “ಕೇಬಲ್ ಸತ್ತಿದೆ, ಪೂರ್ತಿ ಬದಲಿಸಬೇಕು” ಎಂದು ಬೇರೆಯವರು ಬರೆದುಕೊಟ್ಟಿದ್ದ ಆರು ಪಾಯಿಂಟ್‌ನಲ್ಲಿ ಐದು ಈ ಕಾಯಿಲೆಯವೇ. ತುದಿ ಕತ್ತರಿಸಿ ಮತ್ತೆ ಕಟ್ಟಿದ್ದಕ್ಕೆ ಐದೂ 1000ಕ್ಕೆ ಬಂದವು.

ತುದಿ ಕಟ್ಟಿಸುವಾಗ ಇನ್ನೆರಡು ಗಮನಿಸಿ. ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಗೋಡೆಯಿಂದ ಬರುವ ಕೇಬಲ್ಲಿನ ಒಳಗಿರುವುದು ಒಂಟಿ ಗಟ್ಟಿ ತಂತಿ, ಪದೇ ಪದೇ ಬಾಗಿದರೆ ಮುರಿಯುತ್ತದೆ. ಅದಕ್ಕೇ ನೇರ ಪ್ಲಗ್ ಹೊಡೆದು ಮೇಜಿನವರೆಗೆ ಜೋತಾಡಿಸದೆ ಗೋಡೆಯಲ್ಲಿ ಜ್ಯಾಕ್ ಇರುವ ಬಾಕ್ಸ್ ಕೂರಿಸಿ, ಅಲ್ಲಿಂದ ಎಳೆಎಳೆ ತಂತಿಯ ಮೃದು ಪ್ಯಾಚ್ ಕಾರ್ಡ್ ಹಾಕಿಸಬೇಕು.

ಫೇಸ್‌ಪ್ಲೇಟ್ ಬಿಚ್ಚಿದಾಗ ಒಂದೇ ಕೇಬಲ್ಲಿನ ನಾಲ್ಕು ತಂತಿ ಒಂದು ಜ್ಯಾಕಿಗೆ, ಉಳಿದ ನಾಲ್ಕು ಪಕ್ಕದ ಜ್ಯಾಕಿಗೆ ಹೋಗಿರುವುದು ಕಂಡರೆ ಅದು ಹಳೇ ಕಾಲದ ಉಳಿತಾಯ: ಒಂದು ಕೇಬಲ್, ಎರಡು ಕಂಪ್ಯೂಟರ್. ಅವೆರಡೂ ಯಾವ ಕಾಲಕ್ಕೂ 100 ದಾಟವು. ಇಂಥ ಕಡೆ ಮಾತ್ರ ಹೊಸ ಕೇಬಲ್ಲಿಗೆ ನಾನು ಮರುಮಾತಿಲ್ಲದೆ ಒಪ್ಪುತ್ತೇನೆ. ಅಥವಾ ಎಂಟೂ ತಂತಿಯನ್ನು ಒಂದೇ ಜ್ಯಾಕಿಗೆ ಕೊಟ್ಟು ಮೇಜಿನ ಮೇಲೆ ಐದು ಪೋರ್ಟಿನ ಸಣ್ಣ ಗಿಗಾಬಿಟ್ ಸ್ವಿಚ್ ಇಟ್ಟರೂ ನಡೆಯುತ್ತದೆ.

ಕೇಬಲ್ಲಿನ ಮೈ ಓದುವುದು

ಹೊರಗಿನ ಸಿಪ್ಪೆಯ ಮೇಲೆ ಮೀಟರಿಗೊಮ್ಮೆ ಏನೋ ಅಚ್ಚಾಗಿರುತ್ತದೆ. ಫಾಲ್ಸ್ ಸೀಲಿಂಗಿನ ಮೇಲೋ ರ್‍ಯಾಕಿನ ಹಿಂದೋ ಟಾರ್ಚ್ ಬಿಟ್ಟು ಓದಿ. ಬರೀ ಕ್ಯಾಟ್ 5, ಕ್ಯಾಟ್ 5ಇ, ಕ್ಯಾಟ್ 6, ಕ್ಯಾಟ್ 6ಎ ಇವುಗಳಲ್ಲಿ ಒಂದು ಇರುತ್ತದೆ.

ಕ್ಯಾಟ್ 5ಇ ಎಂದಿದ್ದರೆ ಗಿಗಾಬಿಟ್ಟಿಗೆ ನೂರು ಮೀಟರ್ ತನಕ ಧಾರಾಳವಾಗಿ ಸಾಕು. 2016ರಲ್ಲಿ ಬಂದ ಮಾನದಂಡದ ಪ್ರಕಾರ ಅದೇ 5ಇ ಮೇಲೆ 2.5 ಗಿಗಾಬಿಟ್ ಕೂಡ ಓಡುತ್ತದೆ, ಎರಡೂ ತುದಿಯ ಸಾಧನ ಅದನ್ನು ಬಲ್ಲವಾಗಿದ್ದರೆ. ಹತ್ತು ಜನರ ಆಫೀಸಿನಲ್ಲಿ 5ಇ ಇದೆ ಎಂಬ ಒಂದೇ ಕಾರಣಕ್ಕೆ ಗೋಡೆ ಕೊರೆಸುವುದು ನನ್ನ ಪ್ರಕಾರ ಶುದ್ಧ ದಂಡ. ಬರೀ ಕ್ಯಾಟ್ 5 ಇದ್ದರೂ ಕೂಡಲೇ ಕಿತ್ತುಹಾಕಬೇಡಿ. ಗಿಗಾಬಿಟ್ ಮಾನದಂಡ ಬರೆಯುವಾಗ ಅದಾಗಲೇ ಗೋಡೆಗಳಲ್ಲಿದ್ದ ಕ್ಯಾಟ್ 5ನ್ನೇ ಕಣ್ಣೆದುರು ಇಟ್ಟುಕೊಂಡಿದ್ದರು. ದೂರ ಕಡಿಮೆ, ತುದಿ ಶುದ್ಧವಾಗಿದ್ದರೆ ಎಷ್ಟೋ ಕಡೆ 940 ಕೊಡುತ್ತದೆ. ಅಳೆದು ನೋಡಿ, ಕೊಟ್ಟರೆ ಇರಲಿ.

ಅಚ್ಚು ಏನೇ ಹೇಳಲಿ, ಒಳಗಿರುವುದು ತಾಮ್ರವೇ ಎಂಬುದು ಬೇರೆ ಪ್ರಶ್ನೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಸಿಸಿಎ ಎಂಬ ಮಾಲು ಕ್ಯಾಟ್ 6 ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಮೂರು ಇಂಚು ತುಂಡು ತೆಗೆದು ಒಂದು ತಂತಿಯ ಮೈಯನ್ನು ಬ್ಲೇಡಿನಿಂದ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪು. ಸಿಸಿಎ ಆದರೆ ಒಳಗೆ ಬೆಳ್ಳಗೆ ಹೊಳೆಯುತ್ತದೆ. ಹಿಂದೆ ಮುಂದೆ ನಾಲ್ಕಾರು ಸಲ ಬಾಗಿಸಿದರೆ ಟಕ್ ಎಂದು ಮುರಿಯುತ್ತದೆ. ಸಿಸಿಎ ಸಿಕ್ಕಿತೆಂದರೆ, ಅದರಲ್ಲೂ ಅದೇ ಕೇಬಲ್ಲಿನಲ್ಲಿ ಕ್ಯಾಮೆರಾಗೋ ವೈಫೈ ಡಬ್ಬಿಗೋ ಪಿಒಇ ಮೂಲಕ ಕರೆಂಟೂ ಹೋಗುತ್ತಿದ್ದರೆ, ಬದಲಿಸಬೇಕಾದವುಗಳ ಪಟ್ಟಿಯಲ್ಲಿ ಮೊದಲ ಹೆಸರು ಅದರದ್ದು. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ವೋಲ್ಟೇಜ್ ದಾರಿಯಲ್ಲೇ ಇಳಿದು ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿಸುವ ಹೊತ್ತಿಗೆ ಸರಿಯಾಗಿ ರೀಸ್ಟಾರ್ಟ್ ಆಗುತ್ತದೆ, ಕಟ್ಟುಕಟ್ಟಾಗಿ ಬಿಗಿದ ಕಡೆ ಕೇಬಲ್ಲೂ ಬಿಸಿಯಾಗುತ್ತದೆ.

ಮಂಡ್ಯದ ಕಡೆಯ ಪ್ರಶ್ನೆ ಬೇರೆ

ಮೈಸೂರಿನ ಆಫೀಸುಗಳಲ್ಲಿ ದೂರ ಸಮಸ್ಯೆಯಲ್ಲ, ಇಪ್ಪತ್ತು ಮೂವತ್ತು ಮೀಟರಿನಲ್ಲಿ ಎಲ್ಲ ಮುಗಿಯುತ್ತದೆ. ಮಂಡ್ಯ, ಮದ್ದೂರು ಕಡೆ ಅಕ್ಕಿ ಗಿರಣಿ, ಬೆಲ್ಲದ ಮಂಡಿ, ಗೋಡೌನುಗಳಲ್ಲಿ ಹಾಗಲ್ಲ. ತಾಮ್ರದ ಕೇಬಲ್ಲಿಗೆ ಮಿತಿ ನೂರು ಮೀಟರ್, ಅದೂ 90 ಗೋಡೆಯಲ್ಲಿ, ಉಳಿದ ಹತ್ತು ಎರಡೂ ತುದಿಯ ಪ್ಯಾಚ್ ಕಾರ್ಡುಗಳಿಗೆ.

ಒಂದು ಗಿರಣಿಯಲ್ಲಿ ಆಫೀಸಿನಿಂದ ವೇಬ್ರಿಡ್ಜ್ ಕ್ಯಾಬಿನ್ನಿಗೆ ಸುಮಾರು 140 ಮೀಟರ್. ನಡುವೆ ಕಂಬಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿ ಕಟ್ಟಿ, ಅದರೊಳಗೆ ಸಣ್ಣ ಸ್ವಿಚ್ ಇಟ್ಟು, ಒಳಾಂಗಣದ ಬೂದು ಕೇಬಲ್ಲನ್ನೇ ಬಿಸಿಲಲ್ಲಿ ಎಳೆದಿದ್ದರು. ಸಿಪ್ಪೆ ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಮೊದಲ ಬೇಸಿಗೆ ಮಳೆಯ ಸಿಡಿಲಿಗೆ ಡಬ್ಬಿಯ ಸ್ವಿಚ್ಚು, ಕ್ಯಾಬಿನ್ನಿನ ಕಂಪ್ಯೂಟರಿನ ಪೋರ್ಟು, ಆಫೀಸಿನ ಸ್ವಿಚ್ಚಿನ ಎರಡು ಪೋರ್ಟು ಒಟ್ಟಿಗೆ ಹೋದವು. ಮಾಲೀಕರು “ಅದೇನ್ ಸಾಮಿ, ಸಿಡ್ಲು ಬಿದ್ದಿದ್ದು ಆಚೆ ತೋಟ್ಕೆ, ಸುಟ್ಟಿದ್ದು ನಮ್ ಕಂಪ್ಯೂಟ್ರು!” ಎಂದು ಆಶ್ಚರ್ಯಪಟ್ಟರು. ಸಿಡಿಲು ನೇರ ಬೀಳಬೇಕೆಂದಿಲ್ಲ. ಎರಡು ಕಟ್ಟಡದ ನಡುವೆ ಎಳೆದ ಉದ್ದ ತಾಮ್ರದಲ್ಲಿ ಹತ್ತಿರದ ಸಿಡಿಲೂ ಸಾಕಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ಎರಡು ಕಟ್ಟಡದ ಅರ್ಥಿಂಗ್ ಬೇರೆ ಬೇರೆಯಾಗಿದ್ದರೆ ತೊಂದರೆ ಇನ್ನೂ ಹೆಚ್ಚು.

ಹೀಗಾಗಿ ಕಟ್ಟಡದಿಂದ ಕಟ್ಟಡಕ್ಕೆ ಕ್ಯಾಟ್ 6, 6ಎ ಎಂದು ಚರ್ಚಿಸುವುದೇ ಬೇಡ, ಆಪ್ಟಿಕಲ್ ಫೈಬರ್ ಎಳೆಸಿ. ಲೋಹದ ಕವಚವಿಲ್ಲದ ಸಿಂಗಲ್ ಮೋಡ್ ಕೇಬಲ್, ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ಪೋರ್ಟಿಗೆ ಹೊಂದಿಸುವ ಡಬ್ಬಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, 140 ಮೀಟರ್ ಅದಕ್ಕೆ ಲೆಕ್ಕವೂ ಅಲ್ಲ. ಕೇಬಲ್ ಟಿವಿ, ಬ್ರಾಡ್‌ಬ್ಯಾಂಡ್ ಕೆಲಸ ಮಾಡುವ ಹುಡುಗರಲ್ಲಿ ಫೈಬರ್ ಬೆಸೆಯುವ ಯಂತ್ರ ಈಗ ತಾಲೂಕು ಕೇಂದ್ರಗಳಲ್ಲೂ ಸಿಗುತ್ತದೆ. ಮತ್ತೆ ಇಲಿ, ಹೆಗ್ಗಣ. ಧಾನ್ಯ ಇರುವ ಕಡೆ ಯಾವ ಕೇಬಲ್ಲಾದರೂ ಪೈಪಿನೊಳಗೇ ಹೋಗಬೇಕು, ಪೈಪಿನ ಬಾಯಿ ಮುಚ್ಚಿರಬೇಕು.

ಹಾಳೆ ನೋಡಿ ತೀರ್ಮಾನ

ಎಲ್ಲ ಸೀಟಿನಲ್ಲೂ 1000, ಐಪರ್ಫ್ 900ರ ಮೇಲೆ ಇದ್ದರೆ ಕೇಬಲ್ ಬದಲಿಸಬೇಡಿ. ಕೆಲವು ಸೀಟು ಮಾತ್ರ 100 ಇದ್ದು ತುದಿ ಕಟ್ಟಿಸಿದ ಮೇಲೆ ಸರಿಹೋದರೆ ಅಲ್ಲೇ ನಿಲ್ಲಿಸಿ. ತುದಿ ಕಟ್ಟಿಸಿಯೂ ಹೋಗದಿದ್ದರೆ ಆ ಪಾಯಿಂಟ್ ಮಾತ್ರ ಹೊಸದಾಗಿ ಎಳೆಸಿ, ಉಳಿದವನ್ನು ಮುಟ್ಟಬೇಡಿ. “ಹೆಂಗೂ ಬಂದಿದೀವಿ, ಎಲ್ಲಾ ಮಾಡಿಬಿಡ್ತೀವಿ ಸಾರ್” ಎಂಬ ಮಾತು ಬಂದೇ ಬರುತ್ತದೆ, ಬೇಡ ಎನ್ನಿ.

ಅರ್ಧಕ್ಕಿಂತ ಹೆಚ್ಚು ಪಾಯಿಂಟ್ ಕೆಟ್ಟಿದ್ದರೆ, ಸಿಸಿಎ ಸಿಕ್ಕಿದ್ದರೆ, ದಾರಿಯಲ್ಲಿ ತಂತಿ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿದ ಗಂಟುಗಳಿದ್ದರೆ, ಅಥವಾ ಹೇಗಿದ್ದರೂ ಫಾಲ್ಸ್ ಸೀಲಿಂಗ್ ಇಳಿಸಿ ಪೇಂಟ್ ಹೊಡೆಸುವ ಕೆಲಸ ಇಟ್ಟುಕೊಂಡಿದ್ದರೆ ಪೂರ್ತಿ ಬದಲಿಸಿ. ಈ ಕೊನೆಯದು ಎಲ್ಲಕ್ಕಿಂತ ಒಳ್ಳೆಯ ಕಾರಣ. ಖರ್ಚಿನಲ್ಲಿ ದೊಡ್ಡ ಪಾಲು ಗೋಡೆ ಕೆಲಸದ್ದು, ಗೋಡೆ ತೆರೆದಿರುವಾಗ ಕೇಬಲ್ ಅಗ್ಗಕ್ಕೇ ಹೋದಂತೆ.

ಬಾಡಿಗೆ ಕಟ್ಟಡವಾದರೆ ಇನ್ನೊಂದು ಸಲ ಯೋಚಿಸಿ. ಹನ್ನೊಂದು ತಿಂಗಳ ಕರಾರಿನಲ್ಲಿ ಕೂತು ಗೋಡೆಯೊಳಗೆ ಹಾಕಿಸಿದ್ದು ಮಾಲೀಕರ ಪಾಲು. ನಿಮ್ಮ ಜೊತೆ ಬರುವುದು ರ್‍ಯಾಕ್, ಸ್ವಿಚ್, ಪ್ಯಾಚ್ ಕಾರ್ಡ್ ಮಾತ್ರ. ಕೊರೆಯಲು ಅನುಮತಿಯನ್ನು ಬಾಯಿಮಾತಿನಲ್ಲಿ ಬಿಡದೆ ಒಂದು ವಾಟ್ಸಾಪ್ ಸಂದೇಶದಲ್ಲಾದರೂ ಪಡೆದಿಟ್ಟುಕೊಳ್ಳಿ.

ಎಲ್ಲರೂ ಲ್ಯಾಪ್‌ಟಾಪ್, ಎಲ್ಲವೂ ಕ್ಲೌಡಿನಲ್ಲಿ ಎನ್ನುವ ಆಫೀಸಾದರೆ ಹತ್ತು ಪಾಯಿಂಟ್ ಬೇಕಿಲ್ಲ. ಎರಡು ಮೂರು ವೈಫೈ ಆಕ್ಸೆಸ್ ಪಾಯಿಂಟ್‌ಗೆ ಗಟ್ಟಿ ಕೇಬಲ್ ಎಳೆಸಿ ಸಾಕು ಮಾಡಿ. ಹಳೇ ಅಗ್ರಹಾರದ ಮನೆಗಳ ಒಂದೂವರೆ ಅಡಿ ಗೋಡೆಯನ್ನು ವೈಫೈ ದಾಟಲು ಏದುಸಿರು ಬಿಡುತ್ತದೆ, ಕೋಣೆಗೊಂದು ಡಬ್ಬಿ ಬೇಕಾಗಬಹುದು.

ಹಾಕಿಸುವುದೇ ಆದರೆ ಯಾವುದು

ಕ್ಯಾಟ್ 6, ತಾಮ್ರ, ಕವಚವಿಲ್ಲದ ಯುಟಿಪಿ. 2002ರಿಂದ ಇರುವ ಮಾನದಂಡ. ಗಿಗಾಬಿಟ್ಟಿಗೆ ಧಾರಾಳ, 5 ಗಿಗಾಬಿಟ್ ನೂರು ಮೀಟರ್ ತನಕ, 10 ಗಿಗಾಬಿಟ್ ಕೂಡ 55 ಮೀಟರಿನೊಳಗೆ ಓಡಬಲ್ಲದು. ನಿಮ್ಮ ಆಫೀಸು 55 ಮೀಟರ್ ಉದ್ದವಿದೆಯೇ? 2008ರ ಕ್ಯಾಟ್ 6ಎ ನೂರು ಮೀಟರಿಗೂ 10 ಗಿಗಾಬಿಟ್ ಕೊಡುತ್ತದೆ ನಿಜ. ಆದರೆ ದಪ್ಪ, ಬಾಗುವುದಿಲ್ಲ, ಇರುವ ಪೈಪಿನಲ್ಲಿ ಹಿಡಿಸುವುದಿಲ್ಲ. ದೊಡ್ಡ ವಿಡಿಯೊ ಫೈಲ್ ತಿದ್ದುವ ಸ್ಟುಡಿಯೊ ಬಿಟ್ಟರೆ ನಮ್ಮ ಸಣ್ಣ ಆಫೀಸುಗಳಲ್ಲಿ ಅದನ್ನು ಹಾಕಿಸಲು ನನಗೆ ಕಾರಣ ಕಂಡಿಲ್ಲ. ಕ್ಯಾಟ್ 7, ಕ್ಯಾಟ್ 8 ಎಂದು ಯಾರಾದರೂ ಕೊಟೇಶನ್ ಕೊಟ್ಟರೆ ಕಾಫಿ ಕೊಟ್ಟು ಕಳಿಸಿ.

ಎಷ್ಟು ಬೇಕೆಂದು ನೀವೇ ಲೆಕ್ಕ ಹಾಕಿ. ಒಂದು ಬಾಕ್ಸಿನಲ್ಲಿ 305 ಮೀಟರ್ ಇರುತ್ತದೆ. 12 ಪಾಯಿಂಟ್, ಸರಾಸರಿ 22 ಮೀಟರ್ ಎಂದರೆ 264, ಹತ್ತು ಶೇಕಡಾ ಸೇರಿಸಿದರೆ 290. ಒಂದೇ ಬಾಕ್ಸ್. ಕೊಟೇಶನ್ನಿನಲ್ಲಿ ಎರಡು ಬಾಕ್ಸ್ ಇದ್ದರೆ ಯಾಕೆಂದು ಕೇಳುವ ಹಕ್ಕು ನಿಮ್ಮದು. ಸಿಪ್ಪೆಯ ಮೇಲೆ ಮೀಟರ್ ಸಂಖ್ಯೆಯೂ ಅಚ್ಚಾಗಿರುತ್ತದೆ, ಎಷ್ಟು ಖರ್ಚಾಯಿತೆಂದು ಕೊನೆಯಲ್ಲಿ ತಾಳೆ ನೋಡಬಹುದು.

ಕೊಟೇಶನ್ನಿನಲ್ಲಿ ಬರೆಸಿಕೊಳ್ಳಬೇಕಾದದ್ದು ಇಷ್ಟು: ಕೇಬಲ್, ಜ್ಯಾಕ್, ಪ್ಯಾಚ್ ಪ್ಯಾನೆಲ್ (ಸ್ವಿಚ್ಚಿನ ಪಕ್ಕ ಎಲ್ಲ ಕೇಬಲ್ಲಿನ ತುದಿ ಕೂರುವ ಪಟ್ಟಿ) ಮೂರೂ ಕ್ಯಾಟ್ 6. ಜ್ಯಾಕ್ ಮಾತ್ರ 5ಇ ಹಾಕಿದರೆ ಇಡೀ ಲೈನು 5ಇ ಲೆಕ್ಕಕ್ಕೇ ಬರುತ್ತದೆ. 230 ವೋಲ್ಟ್ ಕರೆಂಟ್ ವೈರ್ ಇರುವ ಪೈಪಿನಲ್ಲಿ ಡೇಟಾ ಕೇಬಲ್ ಹಾಯಿಸಬಾರದು. ಅಕ್ಕಪಕ್ಕ ಹೋಗಲೇಬೇಕಾದರೆ ಅಡಿಯಷ್ಟು ಅಂತರ, ದಾಟಲೇಬೇಕಾದರೆ ಅಡ್ಡಡ್ಡ ನೇರವಾಗಿ ದಾಟಿಸಬೇಕು. ಮೂಲೆಯಲ್ಲಿ ಕೇಬಲ್ಲನ್ನು ಮಡಿಸದೆ, ಅದರ ದಪ್ಪದ ನಾಲ್ಕು ಪಟ್ಟಾದರೂ ತ್ರಿಜ್ಯ ಬರುವಂತೆ ಬಳಸಿ ತಿರುಗಿಸಬೇಕು. ಟೈ ಬಿಗಿದು ಕತ್ತು ಹಿಸುಕಬಾರದು. ಸೀಟಿಗೊಂದರಂತೆ ಲೆಕ್ಕ ಹಾಕದೆ ಮ್ಯಾನೇಜರ್ ಮೇಜು, ಪ್ರಿಂಟರ್ ಮೂಲೆ, ಸೀಲಿಂಗಿನ ವೈಫೈ ಜಾಗಕ್ಕೆ ಒಂದೊಂದು ಹೆಚ್ಚುವರಿ ಎಳೆಸಿ.

ದಿನ ಗೊತ್ತುಮಾಡುವಾಗ ತಿಂಗಳ 11ರ ಜಿಎಸ್‌ಟಿಆರ್ 1 ಮತ್ತು 20ರ 3ಬಿ ಎರಡರ ನಡುವೆ ಕೈ ಹಾಕಬೇಡಿ. 21ರ ನಂತರ ಬರುವ ನಾಲ್ಕನೇ ಶನಿವಾರ-ಭಾನುವಾರ ಸರಿ. ಹಳೇ ಕೇಬಲ್ಲನ್ನು ಅಂದೇ ಕೀಳಿಸಬೇಡಿ. ಹೊಸದು ಒಂದು ವಾರ ಓಡಲಿ.

ಹಣ ಕೊಡುವ ಮುಂಚೆ

ಲೈಟ್ ಟೆಸ್ಟರಿನಲ್ಲಿ ಎಂಟು ದೀಪ ಹತ್ತಿಸಿ “ಎಲ್ಲಾ ಪಾಸ್ ಸಾರ್” ಎಂದರೆ ಒಪ್ಪಬೇಡಿ. ಬಣ್ಣದ ಜೋಡಿ ತಪ್ಪಿದ್ದನ್ನು ಅದು ಹಿಡಿಯುವುದಿಲ್ಲ ಎಂದು ಮೇಲೆ ನೋಡಿದೆವಲ್ಲ. ಪ್ರತಿ ಪಾಯಿಂಟಿಗೂ ಒಂದು ಲ್ಯಾಪ್‌ಟಾಪ್ ಸಿಕ್ಕಿಸಿ ಲಿಂಕ್ 1000 ಬಂತೇ, ಐಪರ್ಫ್ 900 ದಾಟಿತೇ ಎಂದು ಅವರೆದುರೇ ನೋಡಿ ಹಾಳೆಯಲ್ಲಿ ಬರೆಯಿರಿ. ದೊಡ್ಡ ಗುತ್ತಿಗೆದಾರರ ಬಳಿ ಫ್ಲೂಕ್‌ನಂಥ ಸರ್ಟಿಫಿಕೇಶನ್ ಯಂತ್ರವಿದ್ದರೆ ಪಾಯಿಂಟ್‌ವಾರು ವರದಿ ಕೇಳಿ. ಸಣ್ಣವರಲ್ಲಿ ಅದು ಇರುವುದಿಲ್ಲ, ಹತ್ತು ಪಾಯಿಂಟಿಗೆ ಐಪರ್ಫೇ ಸಾಕು.

ಗೋಡೆಯ ಬಾಕ್ಸಿನ ಮೇಲೂ ಪ್ಯಾಚ್ ಪ್ಯಾನೆಲ್ ಮೇಲೂ ಒಂದೇ ನಂಬರ್ ಅಂಟಿಸಿರಬೇಕು. ಯಾವ ನಂಬರ್ ಯಾವ ಕೋಣೆ, ಕೇಬಲ್ ಯಾವ ಗೋಡೆಯಲ್ಲಿ ಯಾವ ಎತ್ತರದಲ್ಲಿ ಹೋಗಿದೆ ಎಂದು ಒಂದು ಹಾಳೆಯಲ್ಲಿ ಗೀಚಿಸಿ ರ್‍ಯಾಕಿನ ಬಾಗಿಲ ಒಳಗಡೆ ಅಂಟಿಸಿ. ಮುಂದೆ ಗಡಿಯಾರಕ್ಕೋ ದೇವರ ಫೋಟೊಕ್ಕೋ ಮೊಳೆ ಹೊಡೆಯುವವರು ಅದನ್ನು ನೋಡಲಿ. ಬಾಕ್ಸಿನಲ್ಲಿ ಉಳಿದ ಹತ್ತಿಪ್ಪತ್ತು ಮೀಟರ್ ಕೇಬಲ್ಲನ್ನು ಅವರ ಬ್ಯಾಗಿಗೆ ಹೋಗಲು ಬಿಡಬೇಡಿ. ದುಡ್ಡು ಕೊಟ್ಟಿರುವುದು ನೀವು, ಸುರುಳಿ ಸುತ್ತಿ ರ್‍ಯಾಕಿನ ಮೇಲಿಡಿ.